ಟೆರೇಸಿನ ಮೇಲಿನ ಸದ್ದು

ಮುಂಬೈ ವಿಮಾನ ನಿಲ್ದಾಣದ ಪಕ್ಕದ ವಿಲೇಪಾರ್ಲೆಯ ನಮ್ಮ ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೀತಿದ್ದೆ. ತಲೆ ಮೇಲೇ ವಿಮಾನ ಏರಿತು, ಮಾತು ಅರ್ಧಕ್ಕೇ ನಿಂತಿತು. ಪಕ್ಕದ ಮನೆ ಹುಡುಗ ಕೇಳಿದ, "ಮಾಮಾ, ಇಷ್ಟು ಸದ್ದು ಇಂಜಿನ್ ಒಳಗಿಂದಾನೇ ಬರುತ್ತಾ?"

ಒಳಗಿಂದಲೂ ಬರುತ್ತೆ. ಆದರೆ ಒಂದು ದೊಡ್ಡ ಪಾಲು ಹುಟ್ಟುವುದು ಹೊರಗೆ. ಹಿಂದಿನಿಂದ ಚಿಮ್ಮುವ ಗಾಳಿ ಸುತ್ತಲಿನ ನಿಧಾನದ ಗಾಳಿಗೆ ಉಜ್ಜಿ ಸುಳಿಗಳೇಳುತ್ತವೆ, ಅವುಗಳದೇ ಆ ಸದ್ದು. 1952ರಲ್ಲೇ ಬ್ರಿಟಿಷ್ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ತೋರಿಸಿದ್ದರು: ಈ ಸದ್ದಿನ ಶಕ್ತಿ ಚಿಮ್ಮುವ ಗಾಳಿಯ ವೇಗದ ಎಂಟನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಹತ್ತರಲ್ಲೊಂದು ಪಾಲು ಇಳಿದರೆ ಸಾಕು, ಸದ್ದಿನ ಶಕ್ತಿ ಅರ್ಧಕ್ಕಿಂತ ಕಡಿಮೆ. ಎಷ್ಟು ಚಂದದ ಲೆಕ್ಕ!

ಅದಕ್ಕೇ ಕೆಲವು ಇಂಜಿನ್‌ಗಳಲ್ಲಿ ಗಾಳಿ ಬೆರೆಸುವ ಮಿಕ್ಸರ್ ಇರುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಹೂವಿನ ಎಸಳಿನ ಹಾಗೆ ಬಗ್ಗಿಸಿದ ಲೋಹದ ತಗಡು, ಅಷ್ಟೇ. ಒಂದು ಮಡಿಕೆಯಲ್ಲಿ ಉರಿದ ಬಿಸಿಗಾಳಿ ಹೊರಮುಖವಾಗಿ, ಪಕ್ಕದ್ದರಲ್ಲಿ ಇಂಜಿನ್ನಿನ ಮುಂದಿನ ಫ್ಯಾನ್ ತಳ್ಳಿದ ತಣ್ಣನೆ ಗಾಳಿ ಒಳಮುಖವಾಗಿ ಹರಿಯುತ್ತದೆ. ಬಕೆಟ್ಟಿಗೆ ಬಿಸಿನೀರು ಸುರಿದು ಕೈಯಾಡಿಸದಿದ್ದರೆ ಮೇಲೆ ಸುಡುತ್ತೆ, ಕೆಳಗೆ ತಣ್ಣಗೇ ಇರುತ್ತೆ, ಅಲ್ವಾ? ಆ ಕೈಯಾಡಿಸುವ ಕೆಲಸ ಈ ಎಸಳುಗಳದ್ದು. ಎರಡೂ ಬೆರೆತು, ನಡುವಿನ ಬಿಸಿಗಾಳಿಯ ಬಿರುಸು ಇಳಿದು ಆಚೆ ಬರುತ್ತದೆ. ನೂಕುಬಲವೂ ಚೂರು ಜಾಸ್ತಿ ಸಿಗುತ್ತದೆ. ತೂಕ ಮಾತ್ರ ಹೆಚ್ಚುತ್ತದೆ.

ಬೋಯಿಂಗ್ 787ರಲ್ಲಿ ಬೇರೆ ದಾರಿ. ಇಂಜಿನ್ ಕವಚದ ಹಿಂದಿನ ಅಂಚಿಗೆ ಗರಗಸದಂಥ ಹಲ್ಲು. ಅವು ಫ್ಯಾನ್ ತಳ್ಳಿದ ಗಾಳಿಯನ್ನು ಹೊರಗಿನ ಗಾಳಿಯ ಜೊತೆ ಬೆರೆಸುತ್ತವೆ.

ಫೋನಿನಲ್ಲಿ ಅದರ ಫೋಟೋ ತೋರಿಸಿದೆ. ಹುಡುಗ ಕತ್ತೆತ್ತಿ ಮುಂದಿನ ವಿಮಾನಕ್ಕೆ ಕಾಯುತ್ತಾ ನಿಂತ. ಬಟ್ಟೆ ಹಿಡಿದು ನಾನೂ ನಿಂತೆ.