ಕಾಲಿಗೆ ಮೆಟ್ಟುವ ಸಮಾಧಾನ

ಇಂದು ಬೆಳಗ್ಗೆ ಮುಂಬೈಯ ವಿರಾರ್ ಲೋಕಲ್ ರೈಲಿನಲ್ಲಿ, ಮೂವರ ಬೆಂಚಿನ ತುದಿಗೆ ಒತ್ತರಿಸಿ ಕೂರುವ ನಾಲ್ಕನೇ ಸೀಟಿಗಾಗಿ ಇಬ್ಬರು ಕಿತ್ತಾಡುತ್ತಿದ್ದಾಗ, ನಮ್ಮ ಚರ್ಚಿನ ಸಭೆಯ ಹಿರಿಯಮ್ಮನೊಬ್ಬರು ಕನ್ನಡ ಬೈಬಲ್ಲಿನಿಂದ ತಲೆಯೆತ್ತದೆ ಅರ್ಧ ಗೇಣು ಸರಿದು ಕುಳಿತರು. ಜಗಳ ಅಷ್ಟಕ್ಕೇ ಮುಗಿಯಿತು.

ನಾವು ಹೋರಾಡುವುದು ಮನುಷ್ಯರೊಂದಿಗಲ್ಲ, ದುರಾತ್ಮಗಳ ಸೇನೆಯೊಂದಿಗೆ ಎನ್ನುವ ಅಪೊಸ್ತಲ ಪೌಲನು, ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಸತ್ಯದ ನಡುಕಟ್ಟು, ನೀತಿಯ ಕವಚ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ ಎಂದು ಒಂದೊಂದಾಗಿ ತೊಡಿಸುತ್ತಾನೆ. ಹೊಡೆಯಲು ಕೊಡುವುದು ದೇವರ ವಾಕ್ಯವೆಂಬ ಕತ್ತಿಯೊಂದನ್ನೇ. ಯುದ್ಧಕ್ಕೆ ಹೊರಟವನು ಕಾಲಿಗೆ ಮೆಟ್ಟಬೇಕಾದದ್ದು, ವಿಚಿತ್ರವೆಂದರೆ, ಸಮಾಧಾನದ ಸುವಾರ್ತೆಯನ್ನು ಸಾರುವ ಸಿದ್ಧತೆ.

ಸೈತಾನನನ್ನು ಸದಾ ನೆರೆಯವನ ಮುಖದಲ್ಲೇ ಹುಡುಕುವ ಚರ್ಚಿನ ಬೋಧನೆಗಳನ್ನು (ಅವಕ್ಕೆ ಮೈಕಿನ ಅಗತ್ಯವೂ ಇರುವುದಿಲ್ಲ) ಕೇಳಿದಾಗಲೆಲ್ಲ, ಈ ಅಧ್ಯಾಯವನ್ನು ಅರ್ಧಕ್ಕೇ ಮುಚ್ಚಿಟ್ಟಂತೆ ನನಗೆ ತೋರುತ್ತದೆ.