ಯಾರ ಹೆಸರು ಮೊದ್ಲು?

ಮೊನ್ನೆ ಶನಿವಾರ ಮಗಳನ್ನ ಕರ್ಕೊಂಡು ಸ್ಟೇಷನ್ ಹತ್ರದ ಎಟಿಎಂಗೆ ಹೋಗಿದ್ದೆ, ಪಾಸ್‌ಬುಕ್ ಎಂಟ್ರಿ ಮಾಡಿಸ್ಲಿಕ್ಕೆ. ನಗ್ಬೇಡಿ, ಟೋಕಿಯೋದಲ್ಲಿ ಈಗ್ಲೂ ಪಾಸ್‌ಬುಕ್ ಉಂಟು. ಮಿಷಿನ್ ಕರಕರ ಅಂತ ಪ್ರಿಂಟ್ ಮಾಡ್ತಿದ್ರೆ ಇವಳು ಹಸಿರು ಬೋರ್ಡನ್ನೇ ನೋಡ್ತಾ ನಿಂತಿದ್ಳು. ನಾಲ್ಕನೇ ಕ್ಲಾಸು, ಕಂಡ ಕಂಡ ಕಾಂಜಿ, ಅಂದ್ರೆ ಜಪಾನಿನ ಚಿತ್ರಲಿಪಿ, ಎಲ್ಲ ಓದೋ ಹುಚ್ಚು.

"ಅಪ್ಪ, ಇವ್ರು ತಪ್ಪು ಬರ್ದಿದಾರೆ. ಕಾಂಜಿಯಲ್ಲಿ ಮಿತ್ಸುಯಿ ಸುಮಿತೊಮೊ ಬ್ಯಾಂಕ್. ಇಂಗ್ಲಿಷಲ್ಲಿ ಮಾತ್ರ ಎಸ್‌ಎಂಬಿಸಿ. ಎಂ ಮೊದ್ಲು ಬರ್ಬೇಕಲ್ವಾ?"

ಇಷ್ಟು ವರ್ಷ ಸಂಬಳ ಬರೋ ಅಕೌಂಟು, ನಾನು ಒಂದಿನವೂ ಗಮನಿಸಿರ್ಲಿಲ್ಲ. ಸುಮಿತೊಮೊದವ್ರು ಒಸಾಕಾ ಕಡೆಯವ್ರು, ಮಿತ್ಸುಯಿದವ್ರು 1683ರಲ್ಲೇ ಇಲ್ಲಿ ಎದೋದಲ್ಲಿ (ಟೋಕಿಯೋದ ಹಳೇ ಹೆಸರು) ಹಣ ವಿನಿಮಯದ ಅಂಗಡಿ ಹಾಕಿದವ್ರು. 2001ರ ಏಪ್ರಿಲಲ್ಲಿ ಸುಮಿತೊಮೊ ಬ್ಯಾಂಕು, ಮಿತ್ಸುಯಿ ಕಡೆಯ ಸಕುರಾ ಬ್ಯಾಂಕು ಒಂದಾದಾಗ ಜಪಾನೀಸಲ್ಲಿ ಮಿತ್ಸುಯಿ ಮೊದ್ಲು, ಇಂಗ್ಲಿಷಲ್ಲಿ ಸುಮಿತೊಮೊದ ಎಸ್ ಮೊದ್ಲು ಆಯ್ತು. ಮದುವೆ ಕಾಗದದಲ್ಲಿ ಎರಡೂ ಕಡೆಯವ್ರನ್ನ ಸಮಾಧಾನ ಮಾಡ್ದ ಹಾಗೆ, ಅಂದೆ.

"ಹಾಗಾದ್ರೆ ಅಜ್ಜನ ಬ್ಯಾಂಕಿನ ಹೆಸರು ಎಲ್ಲಿ ಬರ್ದಿದಾರೆ?"

ನಂಗೆ ಬಾಯಿ ಬರ್ಲಿಲ್ಲ. ನಮ್ಮಪ್ಪ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಪಿಗ್ಮಿ ಕಲೆಕ್ಷನ್, ಅಂದ್ರೆ ದಿನಾ ಜನರ ಹತ್ರ ಹೋಗಿ ಸಣ್ಣ ಉಳಿತಾಯದ ಹಣ ತರೋ ಕೆಲ್ಸ, ಮಾಡ್ತಿದ್ರು, ಸೈಕಲಲ್ಲಿ, ಮಳೆಗಾಲದಲ್ಲಿ ರಸೀದಿ ಪುಸ್ತಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ಕೊಂಡು. 1928ರಲ್ಲಿ ಶುರುವಾಗಿದ್ದಂತೆ ಪಿಗ್ಮಿ, ದಿನಕ್ಕೆ ಎರಡಾಣೆಯಿಂದ, ಮೀನು ಮಾರೋರು ಬೀಡಿ ಕಟ್ಟೋರು ಎಲ್ಲ ಅಪ್ಪನ ಗಿರಾಕಿಗಳೇ. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾದೊಳಗೆ ಹೋಯ್ತು, ಲಾಕ್‌ಡೌನ್ ಬೇರೆ, ಬೀಳ್ಕೊಡ್ಲಿಕ್ಕೂ ಯಾರೂ ಹೊರಗೆ ಬರೋ ಹಾಗಿರ್ಲಿಲ್ಲ. ಕೆನರಾ ನಮ್ಮ ಮಂಗಳೂರಿಂದೇ ಅಂತ ಸಮಾಧಾನ ಮಾಡ್ಕೊಳ್ಬಹುದು, ಆದ್ರೆ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋಯ್ತು, ವಿಜಯಾ ಬ್ಯಾಂಕು ಅದಕ್ಕೂ ಮೊದ್ಲೇ ಬರೋಡಾಕ್ಕೆ. ಒಂದಕ್ಷರನಾದ್ರೂ ಉಳಿಸ್ಬಹುದಿತ್ತು. ಇಲ್ಲಿ ಎರಡಕ್ಷರ ಹಿಂದೆಮುಂದೆ ಮಾಡಿ ಇಬ್ರಿಗೂ ಜಾಗ ಕೊಟ್ರಲ್ಲ.

ರಾತ್ರಿ ವಿಡಿಯೋ ಕಾಲಲ್ಲಿ ಅವಳು ಅಜ್ಜನಿಗೂ ಅದೇ ಪ್ರಶ್ನೆ ಹಾಕಿದ್ಳು. ಅಪ್ಪ ಮೊದ್ಲು ನನ್ನ ಹತ್ರ, "ನಿನ್ನ ಬ್ಯಾಂಕಿನವ್ರು ಯೆಸ್ ಬ್ಯಾಂಕಲ್ಲಿ ಪಾಲು ತಗೊಂಡ್ರಂತಲ್ಲ, ಅದ್ರ ಹೆಸರಾದ್ರೂ ಉಳೀತದಾ?" ಅಂದ್ರು. ಆಮೇಲೆ ಅವಳಿಗೆ, "ಬೋರ್ಡಲ್ಲಿ ಇಲ್ಲ ಮಗಾ. ಮಣಿಪಾಲಕ್ಕೆ ಬಾ, ಸಿಂಡಿಕೇಟ್ ಸರ್ಕಲ್ ಅಂತ ಕೇಳು, ಬಸ್ಸಿನವ್ರು ಅಲ್ಲೇ ಇಳಿಸ್ತಾರೆ."

ಅವಳು ಅದನ್ನ ಶಾಲೆ ನೋಟ್‌ಬುಕ್ಕಲ್ಲಿ ಕತಕನಾದಲ್ಲಿ (ಹೊರಗಿನ ಪದ ಬರೆಯೋ ಜಪಾನಿ ಲಿಪಿ) ಬರ್ಕೊಂಡ್ಳು: 'ಅಜ್ಜ, ಶಿಂಜಿಕೇಟೋ'. ಇಲ್ಲಿ ಆ ಪದ ಕೇಳಿದ್ರೆ ಜನಕ್ಕೆ ಮೊದ್ಲು ನೆನಪಾಗೋದು ಕಳ್ಳಸಾಗಣೆ ಗ್ಯಾಂಗು. ಸೋಮವಾರ ಟೀಚರ್ ಫೋನ್ ಬರ್ಬಹುದು.