ಅಷ್ಟೊಂದು ಸಾವುಗಳನ್ನು ಹೇಗೆ ತಡೆದುಕೊಂಡಿರಿ?

ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆನೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ಸಾವು ನಮ್ಮ ವೃತ್ತಿಗೆ ಹೊಸದಲ್ಲ. ತರಬೇತಿಯ ದಿನಗಳಿಂದಲೇ ಅದರ ಎದುರು ನಿಲ್ಲುವುದನ್ನು ಕಲಿತಿರುತ್ತೇವೆ. ನನ್ನನ್ನು ಹಣ್ಣು ಮಾಡಿದ್ದು ಡ್ಯೂಟಿ ಪಟ್ಟಿ.

ಎಡಕ್ಕೆ ಹೆಸರು, ಮೇಲೆ ತಾರೀಕು, ಚೌಕಗಳಲ್ಲಿ ಪಾಳಿಯ ಗುರುತು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ಸವೆದಿರುತ್ತಿತ್ತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾದವು. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೂ ಒಬ್ಬ ನರ್ಸ್ ಇರಬೇಕೆಂಬ ಪಾಠವನ್ನು ನಾನೇ ಹೊಸಬರಿಗೆ ಹೇಳಿಕೊಟ್ಟವಳು. ಆಗ ಒಬ್ಬೊಬ್ಬರಿಗೆ ನಾಲ್ಕು ಹಾಸಿಗೆ ಹಂಚುತ್ತಿದ್ದೆ. ಸೋಂಕು ತಗುಲಿ ಮಲಗಿದ ನರ್ಸ್‌ಗಳ ಜಾಗಕ್ಕೆ ಹಾಲು ಬಿಡಿಸದ ಮಗುವಿನ ತಾಯಿಯನ್ನು ಹಾಕಲೇ, ಡಯಾಲಿಸಿಸ್‌ನಲ್ಲಿರುವ ತಂದೆಯನ್ನು ನೋಡಿಕೊಳ್ಳುವವಳನ್ನು ಹಾಕಲೇ? ಯಾರ ಕಾರಣವೂ ಸುಳ್ಳಲ್ಲ. ಕೊನೆಗೆ ಏನನ್ನೂ ಹೇಳಿಕೊಳ್ಳದೆ ಪಿಪಿಇ ಕಿಟ್ ತೊಟ್ಟು ನಿಲ್ಲುವವಳ ಹೆಸರೇ ಮತ್ತೆ ಮತ್ತೆ ರಾತ್ರಿ ಪಾಳಿಗೆ ಬೀಳುತ್ತಿತ್ತು. ಗಂಟೆಗಟ್ಟಲೆ ನೀರು, ಶೌಚ ಎರಡೂ ಇಲ್ಲದೆ ಅವಳು ಒಳಗಿರುತ್ತಿದ್ದಳು. ನಾನೂ ಒಳಗೆ ಹೋಗುತ್ತಿದ್ದೆ, ಆದರೆ ನಿಜ ಹೇಳಬೇಕೆಂದರೆ ನನಗೆ ಅದೇ ಬಿಡುವು, ಅಲ್ಲಿ ಕೈಗೆ ಕೆಲಸವಿತ್ತು.

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ತೀರಿಕೊಂಡ ಸುದ್ದಿ ಬಂದಾಗ, ಸರ್ಕಾರ ಆಗ ಹೇಳಿದ ಲೆಕ್ಕದಲ್ಲೇ 24 ಮಂದಿ, ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ಬಂದು, "ಮೇಡಂ, ನಮ್ಮ ಟ್ಯಾಂಕಿನಲ್ಲಿ ಎಷ್ಟಿದೆ?" ಎಂದು ಕೇಳಿದರು. ಟ್ಯಾಂಕರ್ ಬರುವ ಹೊತ್ತು ನನಗೂ ಖಚಿತವಿರಲಿಲ್ಲ. ಇರುವಷ್ಟನ್ನು ಹೇಳಿ, ದನಿ ನಡುಗದಂತೆ ನೋಡಿಕೊಂಡೆ.

ಮಾಡಬೇಕಾದದ್ದು ಗೊತ್ತಿದ್ದೂ ಸಂಸ್ಥೆಯ ಇಕ್ಕಟ್ಟಿನಿಂದ ಮಾಡಲಾಗದೆ ನರ್ಸ್‌ಗಳು ಪಡುವ ಸಂಕಟವನ್ನು ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲೇ ವಿವರಿಸಿದ್ದರು. ಮುಖ್ಯಸ್ಥೆಯಾದವಳಿಗೆ ಅದರ ಮೇಲೆ ಇನ್ನೊಂದು ಹೊರೆ: ಆ ಇಕ್ಕಟ್ಟನ್ನು ಅವಳು ತನ್ನ ಸಹಿ ಹಾಕಿ ಇನ್ನೊಬ್ಬರ ತಲೆಗೆ ಕಟ್ಟಬೇಕು. ನನ್ನ ನಿದ್ದೆ ಕೆಡಿಸಿದ್ದು ಈ ಸಹಿ.

ಸಿಬ್ಬಂದಿಗೆ ಫೋನಿನಲ್ಲಿ ಆಪ್ತಸಮಾಲೋಚನೆಯ ಏರ್ಪಾಡಾಗಿತ್ತು, ಒಳ್ಳೆಯದೇ. ಆದರೆ ನನಗೆ ಬೇಕಿದ್ದದ್ದು ಮಾತಿಗಿಂತ ಮೊದಲು ಜನ. ಅಲೆ ಇಳಿದ ಕೂಡಲೇ ಗುತ್ತಿಗೆಯ ಮೇಲೆ ಬಂದಿದ್ದ ನರ್ಸ್‌ಗಳನ್ನು ಕಳಿಸಿಬಿಟ್ಟರು. ಅವರಲ್ಲಿ ಅರ್ಧದಷ್ಟು ಮಂದಿಯನ್ನಾದರೂ ಉಳಿಸಿಕೊಳ್ಳಿ ಎಂದು ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.